ಹಳ್ಳದ ನೆರೆ ತಡೆಯಲು ಸಿಟಿ ಗ್ರಾಂಟ್ ಕೇಳುತ್ತಿದೆ: ಮಂಗಳವಾರದ ಸಭೆಯಲ್ಲಿ ಏನು ಮಾತಾಡಲಿ?

ಹಳ್ಳದಂಚಿನ ಮನೆ (ಚರ್ಚೆ ಶುರು ಮಾಡಿದವರು), ಶುಕ್ರವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಒಂದು ಸಣ್ಣ ಊರಿನಲ್ಲಿ ಒಂಬತ್ತು ವರ್ಷದಿಂದ ಇದ್ದೇವೆ. ನಮ್ಮ ಹಿತ್ತಲು, ಅದರಾಚೆ ಪಕ್ಕದವರ ಹಿತ್ತಲು, ಅದರಾಚೆ ಕ್ರೀಕ್, ಅಂದರೆ ಹಳ್ಳ. ಮನೆ ಕೊಳ್ಳುವಾಗ ಏಜೆಂಟ್ ಅದನ್ನೇ ದೊಡ್ಡದು ಮಾಡಿ ಹೇಳಿದ್ದ. ಕಿಟಕಿ ತೆಗೆದರೆ ನೀರಿನ ಸದ್ದು ಕೇಳುತ್ತದೆ ಎಂದಿದ್ದ. ನಿಜ, ಕೇಳುತ್ತದೆ. ಬೇಸಿಗೆಯಲ್ಲಿ ಮಗಳು ಚಪ್ಪಲಿ ನೆನೆಯದಂತೆ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟುತ್ತಾಳೆ.

ಕಳೆದ ವರ್ಷ ಒಂದು ರಾತ್ರಿ ಎರಡೂವರೆ ಗಂಟೆ ಮಳೆ ಹೊಡೆಯಿತು. ರಸ್ತೆ ಕೆಳಗಿನ ಮೋರಿಗೆ ಮರದ ಕೊಂಬೆ, ಯಾರದೋ ಪ್ಲಾಸ್ಟಿಕ್ ಕುರ್ಚಿ ಸಿಕ್ಕಿಕೊಂಡು ನೀರು ಹಿಂದಕ್ಕೆ ನಿಂತಿತು. ನಮ್ಮ ಬೇಸ್‌ಮೆಂಟಿನಲ್ಲಿ ಮೂರಡಿ ನೀರು. ಫರ್ನೇಸ್, ವಾಷಿಂಗ್ ಮೆಷಿನ್, ಮದುವೆ ಆಲ್ಬಮ್ ಇಟ್ಟಿದ್ದ ಪೆಟ್ಟಿಗೆ ಎಲ್ಲಾ ಹೋಯಿತು. ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿದರೆ, ಮನೆ ಪಾಲಿಸಿಯಲ್ಲಿ ನೆರೆ ಬರುವುದಿಲ್ಲ ಎಂದರು. ನಮ್ಮ ಕೈಯಿಂದಲೇ ಖರ್ಚು ಮಾಡಿಕೊಂಡೆವು.

ಈಗ ಸಿಟಿಯವರು ಫೀಮಾ (ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ಕೊಡುವ ಗ್ರಾಂಟಿಗೆ ಅರ್ಜಿ ಹಾಕುತ್ತಾರಂತೆ. ಎರಡು ರಸ್ತೆ ಕೆಳಗಿನ ಹಳೇ ಮೋರಿ ಕಿತ್ತು ದೊಡ್ಡದು ಹಾಕುವುದು, ಅರ್ಧ ಮೈಲಿ ಹಳ್ಳವನ್ನು ಅಗಲ ಮಾಡುವುದು. ಮಂಗಳವಾರ ಕೌನ್ಸಿಲ್ ಸಭೆ ಇದೆ. ಮಾತಾಡುವವರಿಗೆ ತಲಾ ಮೂರು ನಿಮಿಷ. ಕರಡು ಅರ್ಜಿ ಅರವತ್ತು ಪುಟ ಇದೆ. ಓದಿದೆ, ಅರ್ಧ ತಲೆಗೆ ಹತ್ತಲಿಲ್ಲ. ಮೂರು ನಿಮಿಷದಲ್ಲಿ ಏನು ಕೇಳಬೇಕು? "ಬೇಗ ಮಾಡಿ ಸ್ವಾಮಿ" ಎಂದು ಹೇಳಿ ಕೂತುಬಿಟ್ಟರೆ ಸಾಕಾ?

ನೀರುಲೆಕ್ಕ, ಶುಕ್ರವಾರ ರಾತ್ರಿ

ಕೂರಬೇಡಿ ಸರ್. ನಾನು ಹದಿನೈದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ಮಳೆನೀರಿನ ಲೆಕ್ಕ ಹಾಕುವುದು, ಮೋರಿಯ ಅಳತೆ ನಿರ್ಧರಿಸುವುದು. ಮೊದಲು ನೀವು ತಿಳಿದುಕೊಳ್ಳಬೇಕಾದ್ದು ನೀರು ಎಲ್ಲಿಂದ ಬರುತ್ತಿದೆ ಎಂದು. ಮೋರಿ ಸಣ್ಣದಿದೆ ಎನ್ನುವುದು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ಹಿಡಿದುಕೊಳ್ಳುತ್ತಾರೆ. ನೀರು ಹುಟ್ಟುವುದು ಮಾತ್ರ ಮೇಲೆ, ಮಾಲ್‌ನ ಪಾರ್ಕಿಂಗ್ ಜಾಗದಲ್ಲಿ, ಹೊಸ ಲೇಔಟಿನ ಛಾವಣಿಗಳ ಮೇಲೆ.

ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 27,000 ಗ್ಯಾಲನ್, ಅಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಜಾಸ್ತಿ. ಹುಲ್ಲಿದ್ದರೆ ಒಂದಷ್ಟು ಇಂಗುತ್ತದೆ. ಡಾಂಬರಿದ್ದರೆ ಹೆಚ್ಚುಕಡಿಮೆ ಎಲ್ಲಾ ಹರಿದು ಬರುತ್ತದೆ. ಇನ್ನೊಂದು ಸುಲಭ ಲೆಕ್ಕ ಇದೆ. ಗಂಟೆಗೆ ಒಂದು ಇಂಚಿನ ಹಾಗೆ ಮಳೆ ಹೊಡೆದು ಒಂದೆಕರೆ ಡಾಂಬರಿನ ನೀರೆಲ್ಲ ಹರಿದರೆ ಅದು ಸುಮಾರು ಒಂದು ಕ್ಯುಸೆಕ್. ಹೌದು, ಕಾವೇರಿ ಸುದ್ದಿಯಲ್ಲಿ ದಿನಾ ಕೇಳುತ್ತಿದ್ದ ಕ್ಯುಸೆಕ್ಕೇ, ಸೆಕೆಂಡಿಗೆ ಒಂದು ಘನ ಅಡಿ ನೀರು. ನಿಮ್ಮ ಹಳ್ಳಕ್ಕೆ ಮೂರು ಚದರ ಮೈಲಿ ನೀರು ಬರುತ್ತದೆ ಎಂದಿಟ್ಟುಕೊಳ್ಳಿ, 1,920 ಎಕರೆ. ಗಂಟೆಗೆ ಎರಡು ಇಂಚು ಮಳೆ, ಅದರಲ್ಲಿ ಅರ್ಧ ಹರಿಯುತ್ತದೆ ಎಂದರೆ 1,920 ಕ್ಯುಸೆಕ್. ಇಷ್ಟು ದೊಡ್ಡ ಜಾಗಕ್ಕೆ ಈ ಲೆಕ್ಕ ಒರಟು, ನನ್ನ ಬಾಸ್ ನೋಡಿದರೆ ಬೈಯುತ್ತಾರೆ. ಆದರೂ ಅಂದಾಜು ಸಿಗುತ್ತದೆ. ಮಗಳು ಚಪ್ಪಲಿ ನೆನೆಯದಂತೆ ದಾಟುವ ಹಳ್ಳ ಅದು!

ಹನಿಗೂಡಿ ಹಳ್ಳ ಎಂದು ನಮ್ಮ ಹಿರಿಯರು ಉಳಿತಾಯಕ್ಕೆ ಹೇಳಿದ್ದನ್ನು ನಾವು ಹೈಡ್ರಾಲಜಿಗೆ ಬಳಸುತ್ತೇವೆ ಅಷ್ಟೇ.

ಅರ್ಜಿಯಲ್ಲಿ ಯಾವ ಮಳೆಗೆ ಮೋರಿ ವಿನ್ಯಾಸ ಮಾಡಿದ್ದಾರೆ ನೋಡಿ. ಹತ್ತು ವರ್ಷದ್ದಾ, ಇಪ್ಪತ್ತೈದರದ್ದಾ, ನೂರರದ್ದಾ?

ಹಳ್ಳದಂಚಿನ ಮನೆ, ಶುಕ್ರವಾರ ರಾತ್ರಿ

ನೋಡಿದೆ. 25 ವರ್ಷದ ಮಳೆ ಎಂದಿದೆ. ಹಾಗಾದರೆ ಇನ್ನು 25 ವರ್ಷ ಚಿಂತೆ ಇಲ್ಲವಾ?

ನೀರುಲೆಕ್ಕ, ಶುಕ್ರವಾರ ರಾತ್ರಿ

ಅಯ್ಯೋ ಇಲ್ಲ. ಈ ಹೆಸರಿಟ್ಟವರು ಯಾರೋ, ಎಲ್ಲರ ದಾರಿ ತಪ್ಪಿಸಿದ್ದಾರೆ. 25 ವರ್ಷದ ಮಳೆ ಎಂದರೆ ಪ್ರತಿ ವರ್ಷವೂ ಶೇ 4 ಸಾಧ್ಯತೆ ಇರುವ ಮಳೆ. ಇವತ್ತು ಬಂದು ನಾಳೆಯೂ ಬರಬಹುದು. ನೂರು ವರ್ಷದ ನೆರೆ ಎಂದರೆ ವರ್ಷಕ್ಕೆ ಶೇ 1. ಮೂವತ್ತು ವರ್ಷದ ಮನೆ ಸಾಲ ತೀರುವುದರೊಳಗೆ ಅದು ಒಮ್ಮೆಯಾದರೂ ಬರುವ ಸಾಧ್ಯತೆ ಶೇ 26. ನಾಲ್ಕರಲ್ಲಿ ಒಂದು!

ಇನ್ನೊಂದು ವಿಷಯ, ಈ ಮಳೆಯ ಪಟ್ಟಿಗಳೇ ಬದಲಾಗುತ್ತವೆ. ನೋವಾ ಎಂಬ ಸರ್ಕಾರಿ ಹವಾಮಾನ ಸಂಸ್ಥೆಯವರ ಅಟ್ಲಾಸ್ 14 ಎಂಬ ಪಟ್ಟಿಯನ್ನು 2018ರಲ್ಲಿ ಟೆಕ್ಸಸ್‌ಗೆ ಹೊಸದಾಗಿ ಮಾಡಿದಾಗ, ಹ್ಯೂಸ್ಟನ್ ಸುತ್ತಮುತ್ತ ನೂರು ವರ್ಷದ ಒಂದು ದಿನದ ಮಳೆ 13 ಇಂಚಿನಿಂದ ಕೆಲವೆಡೆ 18 ಇಂಚಿಗೆ ಏರಿತು. ನಿಮ್ಮ ಸಿಟಿ ಯಾವ ಪಟ್ಟಿ ಬಳಸಿದೆ ಎಂದು ಕೇಳಿ. ಅದಕ್ಕೆ ಹತ್ತು ಸೆಕೆಂಡ್ ಸಾಕು, ಉತ್ತರದಲ್ಲಿ ಬಹಳ ಗೊತ್ತಾಗುತ್ತದೆ.

ತೆರಿಗೆ ಕಟ್ಟುವವ, ಶನಿವಾರ ಬೆಳಿಗ್ಗೆ

ಎಲ್ಲರೂ ಬಯ್ಯುತ್ತೀರಿ, ಆದರೂ ಹೇಳುತ್ತೇನೆ. ಹಳ್ಳದ ಪಕ್ಕ ಮನೆ ಕೊಂಡವರು ನೀವು. ಗುಡ್ಡದ ಮೇಲೆ ಮನೆ ಮಾಡಿ, ಕೆಳಗಿನವರ ಬೇಸ್‌ಮೆಂಟಿಗೆ ನಾನು ಯಾಕೆ ದುಡ್ಡು ಕೊಡಬೇಕು? ಗ್ರಾಂಟ್ ಎಂದ ತಕ್ಷಣ ಆಕಾಶದಿಂದ ಬಿತ್ತು ಎನ್ನುವ ಹಾಗೆ ಮಾತಾಡುತ್ತಾರೆ. ಅದೂ ನನ್ನ ತೆರಿಗೆಯೇ.

ಅರ್ಜಿ ಗುಮಾಸ್ತೆ, ಶನಿವಾರ ಬೆಳಿಗ್ಗೆ

ಗುಡ್ಡದ ಮೇಲಿನ ನಿಮ್ಮ ಛಾವಣಿ ನೀರು ಎಲ್ಲಿಗೆ ಹೋಗುತ್ತದೆ ಸರ್? 🙂 ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುತ್ತಾರೆ. ಇಲ್ಲಿ ನೀರು ಬಿಟ್ಟವರೂ ಸ್ವಲ್ಪ ಕುಡಿಯಬೇಕಾಗುತ್ತದೆ.

ನಾನು ಒಂದು ಕೌಂಟಿ ಕಚೇರಿಯಲ್ಲಿ ಇಂಥ ಅರ್ಜಿಗಳನ್ನೇ ಬರೆಯುತ್ತೇನೆ. ಹಳ್ಳದಂಚಿನವರಿಗೆ ಗ್ರಾಂಟ್ ಹೇಗೆ ನಡೆಯುತ್ತದೆ ಎಂದು ಹೇಳಿಬಿಡುತ್ತೇನೆ, ಸಭೆಯಲ್ಲಿ ಬರೀ ಮೂರಕ್ಷರದ ಹೆಸರುಗಳು ಓಡಾಡುತ್ತವೆ.

ಸಿಟಿ ನೇರವಾಗಿ ಫೀಮಾದ ಬಾಗಿಲು ತಟ್ಟುವುದಿಲ್ಲ. ರಾಜ್ಯ ಅರ್ಜಿದಾರ, ಸಿಟಿ ಅದರಡಿ ಉಪ ಅರ್ಜಿದಾರ. ಯಾವ ಅರ್ಜಿಯನ್ನು ಮುಂದಕ್ಕೆ ಕಳಿಸಬೇಕು ಎಂದು ಮೊದಲು ಆರಿಸುವುದು ರಾಜ್ಯ. ಸಿಟಿ ಹತ್ತಿರ ಫೀಮಾ ಒಪ್ಪಿದ, ಐದು ವರ್ಷಕ್ಕೊಮ್ಮೆ ಹೊಸದು ಮಾಡಿದ ವಿಪತ್ತು ತಗ್ಗಿಸುವ ಯೋಜನೆ ಇರಬೇಕು. ಅದರ ಅವಧಿ ಮುಗಿದಿದ್ದರೆ ಅರ್ಜಿ ಅಲ್ಲೇ ನಿಂತಿತು. ನಾನು ನೋಡಿದ ಒಂದು ಊರಿನಲ್ಲಿ ಎಲ್ಲಾ ಸರಿ ಇತ್ತು, ಈ ಯೋಜನೆಯ ಅವಧಿ ಆರು ವಾರದ ಹಿಂದೆ ಮುಗಿದಿತ್ತು. ಆ ಮೇಯರ್ ಮುಖ ಇನ್ನೂ ನೆನಪಿದೆ.

ದುಡ್ಡಿನ ಚೀಲ ಒಂದೇ ಅಲ್ಲ. ದೊಡ್ಡದು ಎಚ್‌ಎಂಜಿಪಿ, ವಿಪತ್ತಿನ ಅಪಾಯ ತಗ್ಗಿಸುವ ಕೆಲಸಕ್ಕೆ ಕೊಡುವ ಗ್ರಾಂಟ್. ರಾಜ್ಯದಲ್ಲಿ ಅಧ್ಯಕ್ಷರು ದೊಡ್ಡ ವಿಪತ್ತು ಎಂದು ಘೋಷಿಸಿದ ಮೇಲೆ ತೆರೆಯುತ್ತದೆ, ವಿಪತ್ತು ಪರಿಹಾರದ ಸ್ಟಾಫರ್ಡ್ ಕಾಯ್ದೆಯ 404ನೇ ಸೆಕ್ಷನ್. ಇನ್ನೊಂದು ಎಫ್‌ಎಂಎ, ಇದು ಸರ್ಕಾರಿ ನೆರೆ ವಿಮೆ ಇರುವ ಕಟ್ಟಡಗಳ ಸುತ್ತ. ಮೂರನೆಯದು ಬ್ರಿಕ್. ನೆರೆ ಬರುವ ಮೊದಲೇ ಕೆಲಸ ಮಾಡಲು 2018ರ ಕಾಯ್ದೆಯಿಂದ ಬಂದದ್ದು. ಅದನ್ನು 2025ರ ಏಪ್ರಿಲ್‌ನಲ್ಲಿ ನಿಲ್ಲಿಸುತ್ತೇವೆ ಎಂದು ಫೀಮಾ ಹೇಳಿತು. ಇಪ್ಪತ್ತು ರಾಜ್ಯಗಳು ಕೋರ್ಟಿಗೆ ಹೋದವು. ಆ ದುಡ್ಡನ್ನು ಬೇರೆ ಕಡೆ ತಿರುಗಿಸಬೇಡಿ ಎಂದು ಆಗಸ್ಟ್‌ನಲ್ಲಿ ನ್ಯಾಯಾಧೀಶರು ತಡೆ ಕೊಟ್ಟರು. ಅಷ್ಟರಲ್ಲಿ ಎಷ್ಟೋ ಊರುಗಳ ಮೋರಿ ಕೆಲಸ ಅರ್ಧಕ್ಕೆ ನಿಂತಿತ್ತು. ನಿಮ್ಮ ಸಿಟಿ ಯಾವ ಚೀಲಕ್ಕೆ ಕೈ ಹಾಕುತ್ತಿದೆ, ಅದು ಸಿಗದಿದ್ದರೆ ಮುಂದೇನು, ಇದು ನಿಮ್ಮ ಮೊದಲ ಪ್ರಶ್ನೆ ಆಗಲಿ.

ಖರ್ಚಿನಲ್ಲಿ ಸಾಮಾನ್ಯವಾಗಿ ಫೀಮಾದ ಪಾಲು ಶೇ 75, ಸಿಟಿಯ ಪಾಲು ಶೇ 25. ಮತ್ತೆ ಮತ್ತೆ ಮುಳುಗಿ ವಿಮೆ ಪಡೆದ ಮನೆಗಳಿದ್ದರೆ ಎಫ್‌ಎಂಎಯಲ್ಲಿ ಶೇ 90, ಕೆಲವಕ್ಕೆ 100ರವರೆಗೂ ಹೋಗುತ್ತದೆ. ಇನ್ನೊಂದು ವಿಷಯ ಜನಕ್ಕೆ ಗೊತ್ತೇ ಇರುವುದಿಲ್ಲ. ಮೊದಲು ಸಿಟಿ ಖರ್ಚು ಮಾಡಬೇಕು, ಬಿಲ್ ಕಳಿಸಬೇಕು, ಆಮೇಲೆ ವಾಪಸ್ ಬರುತ್ತದೆ. ಸಣ್ಣ ಊರಿನ ಖಜಾನೆಗೆ ಇದು ನಿಜವಾದ ತಲೆನೋವು.

ಪಕ್ಕದಲ್ಲಿ ಇನ್ನೊಂದು 404 ಇದೆ. ಹಳ್ಳದೊಳಗೆ ಮಣ್ಣು ತುಂಬಲು ಆರ್ಮಿ ಕೋರ್‌ನ (ಸೇನೆಯ ಎಂಜಿನಿಯರ್‌ಗಳ ವಿಭಾಗ) ಅನುಮತಿ ಬೇಕು, ಅದು ಕ್ಲೀನ್ ವಾಟರ್ ಕಾಯ್ದೆಯ 404. ಎರಡೂ ಒಂದೇ ಸಭೆಯಲ್ಲಿ ಬಂದಾಗ ಯಾರಿಗೂ ತಲೆಬುಡ ತಿಳಿಯುವುದಿಲ್ಲ. ಮೂರನೇ 404 ನಮ್ಮ ಸಾಫ್ಟ್‌ವೇರ್ ಜನಕ್ಕೆ ಗೊತ್ತೇ ಇದೆ, ಹುಡುಕಿದ್ದು ಸಿಗಲಿಲ್ಲ. ಕೆಲವು ಅರ್ಜಿಗಳ ಗತಿ ಅದೇ.

ಕೆಳದಂಡೆ, ಶನಿವಾರ ಮಧ್ಯಾಹ್ನ

ಈ ಚರ್ಚೆ ಓದಿ ರಕ್ತ ಕುದಿಯುತ್ತಿದೆ. ನಾನು ಕೆಳಗಿನ ಊರಿನವಳು. ನಮ್ಮ ಮೇಲಿನ ಊರಿನವರು ಹೀಗೇ ಮೋರಿ ದೊಡ್ಡದು ಮಾಡಿದರು. ಅವರಿಗೆ ಸಮಸ್ಯೆ ಮುಗಿಯಿತು. ರಿಬ್ಬನ್ ಕತ್ತರಿಸಿ ಫೋಟೋ ಹಾಕಿದರು. ಮುಂದಿನ ಮಳೆಗೆ ನೀರು ನಮ್ಮ ಬೀದಿಗೆ ಮೊದಲಿಗಿಂತ ಬೇಗ ಬಂತು, ಜಾಸ್ತಿಯೂ ಬಂತು. ಅವರ ಸಣ್ಣ ಮೋರಿ ಅಷ್ಟು ವರ್ಷ ನಮ್ಮನ್ನು ಕಾಯುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ನೀರನ್ನು ಪಕ್ಕದ ಮನೆಗೆ ತಳ್ಳುವುದಕ್ಕೆ ಯಾಕೆ ಗ್ರಾಂಟ್ ಕೊಡುತ್ತಾರೆ?

ಹಳ್ಳದಂಚಿನವರೇ, ನಿಮ್ಮ ಕೆಳಗೆ ಯಾರಿದ್ದಾರೆ ಎಂದು ಒಮ್ಮೆ ಹೋಗಿ ನೋಡಿ ಬನ್ನಿ. ಆಮೇಲೆ ಮಂಗಳವಾರ ಮಾತಾಡಿ.

ನೀರುಲೆಕ್ಕ, ಶನಿವಾರ ಮಧ್ಯಾಹ್ನ

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಸಣ್ಣ ಮೋರಿ ತನಗೆ ಗೊತ್ತಿಲ್ಲದೆ ಅಣೆಕಟ್ಟಿನ ಕೆಲಸ ಮಾಡುತ್ತಿರುತ್ತದೆ. ಅದನ್ನು ಕಿತ್ತರೆ ಹಿಂದೆ ನಿಂತಿದ್ದ ನೀರು ಒಟ್ಟಿಗೆ ಕೆಳಗೆ ಹೋಗುತ್ತದೆ. ನಿಯಮ ಏನೂ ಇಲ್ಲ ಎಂದಲ್ಲ. ಫೀಮಾ ನಕ್ಷೆಯಲ್ಲಿ ನೆರೆಯ ಮುಖ್ಯ ದಾರಿ ಎಂದು ಗುರುತಿಸಿದ ಜಾಗದಲ್ಲಿ ಏನೇ ಕಟ್ಟಿದರೂ ನೂರು ವರ್ಷದ ನೆರೆಯ ಮಟ್ಟ ಏರಬಾರದು, ಏರುವುದಿಲ್ಲ ಎಂದು ಎಂಜಿನಿಯರ್ ಬರೆದು ಕೊಡಬೇಕು. ತೊಡಕಿರುವುದು ಲೆಕ್ಕ ಎಲ್ಲಿಗೆ ನಿಲ್ಲಿಸುತ್ತಾರೆ ಎನ್ನುವುದರಲ್ಲಿ. ನೀರಿಗೆ ಸಿಟಿಯ ಗಡಿ ಗೊತ್ತಿಲ್ಲ, ಲೆಕ್ಕ ಹಾಕುವವರಿಗೆ ಗೊತ್ತಿರುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ನಿಮ್ಮ ಮಾಡೆಲ್, ಅಂದರೆ ಹಳ್ಳದ ನೀರಿನ ಕಂಪ್ಯೂಟರ್ ಲೆಕ್ಕ, ಎಷ್ಟು ದೂರ ಕೆಳಗೆ ಹೋಗಿದೆ?

ಇದಕ್ಕೆ ಪರಿಹಾರ ಹೊಸದಲ್ಲ. ನೀರನ್ನು ಮೇಲೆಯೇ ಹಿಡಿದು ನಿಧಾನ ಬಿಡುವುದು. ಕೆರೆ ನೋಡಿ ಬೆಳೆದ ನಮಗೆ ಇದನ್ನು ವಿವರಿಸಬೇಕಿಲ್ಲ. ಕೆರೆ ತುಂಬಬೇಕು, ತುಂಬಿದ ಮೇಲೆ ಕೋಡಿ ಬೀಳಬೇಕು, ಕೋಡಿ ನೀರಿಗೆ ದಾರಿ ಇರಬೇಕು. ಇಲ್ಲಿ ಕಟ್ಟುವ ಹೊಂಡ ಮಾತ್ರ ಉಲ್ಟಾ, ವರ್ಷವೆಲ್ಲ ಖಾಲಿ ಇರಬೇಕು. ಮಳೆ ಬಂದಾಗ ತುಂಬಿ, ಅಡಿಯ ಸಣ್ಣ ಕೊಳವೆಯಿಂದ ಒಂದೆರಡು ದಿನದಲ್ಲಿ ಖಾಲಿ ಆಗಬೇಕು.

ಒಕ್ಲಹೋಮಾದ ಟಲ್ಸಾ ಊರು ಇದನ್ನು ದೊಡ್ಡದಾಗಿ ಮಾಡಿತು. 1984ರ ಮೇ 26ರ ರಾತ್ರಿ ಶುರುವಾದ ಮಳೆಗೆ ಅಲ್ಲಿ 14 ಜನ ಸತ್ತರು. ಮಿಂಗೋ ಕ್ರೀಕ್ ಸುತ್ತ ಹಾನಿ ತುಂಬಾ. ಅದಕ್ಕೂ ಮುಂಚೆ ಎಷ್ಟೋ ಸಲ ಮುಳುಗಿದ್ದ ಊರದು, ಪ್ರತಿ ಸಲ ಒರೆಸಿಕೊಂಡು ಮತ್ತೆ ಅಲ್ಲೇ ಕಟ್ಟುತ್ತಿದ್ದರು. ಆ ಸಲ ಬುದ್ಧಿ ಬಂತು. ತಗ್ಗಿನಲ್ಲಿದ್ದ ಮನೆಗಳನ್ನು ಸಿಟಿ ಕೊಂಡಿತು. ಮಿಂಗೋ ಕ್ರೀಕ್ ಉದ್ದಕ್ಕೂ ಹೊಂಡಗಳನ್ನು ತೋಡಿದರು, ಅವುಗಳಲ್ಲಿ ಎಷ್ಟೋ ಇವತ್ತು ಆಟದ ಮೈದಾನ, ಪಾರ್ಕು. ಮಕ್ಕಳು ಫುಟ್‌ಬಾಲ್ ಆಡುತ್ತಾರೆ, ಜೋರು ಮಳೆ ಬಂದ ದಿನ ಮೈದಾನ ಕೆರೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಪ್ರತಿ ಮನೆಯ ಬಿಲ್ಲಿನಲ್ಲಿ ಮಳೆನೀರಿನ ಶುಲ್ಕ ಎಂದು ಒಂದು ಸಾಲು ಸೇರಿಸಿದರು.

ತೆರಿಗೆ ಕಟ್ಟುವವ, ಶನಿವಾರ ಸಂಜೆ

ಬಂತು ನೋಡಿ, ಶುಲ್ಕ. ಮೊದಲು ಗ್ರಾಂಟ್ ಅಂತೀರಿ, ಆಮೇಲೆ ಶುಲ್ಕ. ಮನೆ ಕೊಂಡುಬಿಡುವುದು ಅಂತೀರಿ, ಆ ಮನೆಗಳಿಂದ ಬರುತ್ತಿದ್ದ ಪ್ರಾಪರ್ಟಿ ಟ್ಯಾಕ್ಸ್ ಯಾರು ತುಂಬುತ್ತಾರೆ? ಮತ್ತೆ ಗುಡ್ಡದವರೇ.

ಅರ್ಜಿ ಗುಮಾಸ್ತೆ, ಶನಿವಾರ ಸಂಜೆ

ಟ್ಯಾಕ್ಸ್ ಹೋಗುವುದು ನಿಜ, ಸುಳ್ಳು ಹೇಳುವುದಿಲ್ಲ. ಫೀಮಾ ದುಡ್ಡಿನಲ್ಲಿ ಕೊಂಡ ಜಾಗ ಎಂದೆಂದಿಗೂ ಬಯಲಾಗಿಯೇ ಇರಬೇಕು ಎಂದು ಪತ್ರದಲ್ಲೇ ಬರೆಸುತ್ತಾರೆ. ಮತ್ತೆ ಮನೆ ಇಲ್ಲ, ಅಂಗಡಿ ಇಲ್ಲ, ಅಲ್ಲಿ ನೆರೆಗೆ ಒಡ್ಡು ಕಟ್ಟುವುದಕ್ಕೂ ಬಿಡುವುದಿಲ್ಲ. ಇನ್ನೊಂದು ಕಡೆ ನೋಡಿ, ಮುಳುಗುವ ಬೀದಿಗೆ ಪ್ರತಿ ಸಲ ಬೋಟ್ ಕಳಿಸುವುದು, ರಸ್ತೆ ರಿಪೇರಿ, ಕಸ ಎತ್ತುವುದು, ಇದೆಲ್ಲ ಯಾರ ದುಡ್ಡು?

ಷಾರ್ಲೆಟ್ ಊರಿರುವ ಮೆಕ್ಲೆನ್‌ಬರ್ಗ್ ಕೌಂಟಿ 1999ರಿಂದ ಹಳ್ಳದ ದಂಡೆಯ 400ಕ್ಕೂ ಹೆಚ್ಚು ಕಟ್ಟಡಗಳನ್ನು ಕೊಂಡು ಕೆಡವಿದೆ. ಅವರು ಬರೀ ಫೀಮಾಗೆ ಕಾಯುತ್ತಾ ಕೂರಲಿಲ್ಲ, ಮಳೆನೀರಿನ ಶುಲ್ಕದಿಂದಲೂ ಕೊಂಡರು. ಯಾಕೆಂದರೆ ಗ್ರಾಂಟ್ ಬರುವುದರೊಳಗೆ ಮನೆಯವರು ರಿಪೇರಿ ಮಾಡಿಕೊಂಡಿರುತ್ತಾರೆ, ಆಮೇಲೆ ಮಾರಲು ಮನಸ್ಸು ಬರುವುದಿಲ್ಲ. ನೆಲ ಒದ್ದೆ ಇರುವಾಗಲೇ ಕೇಳಬೇಕು.

ನಿಮಗೆ ಇಷ್ಟವಾಗುವ ಒಂದು ಸಂಗತಿಯೂ ಇದೆ ಸರ್. ಊರು ನೆರೆ ವಿಷಯದಲ್ಲಿ ಚೆನ್ನಾಗಿ ಕೆಲಸ ಮಾಡಿದರೆ ಸರ್ಕಾರಿ ನೆರೆ ವಿಮೆಯಲ್ಲಿ ರಿಯಾಯಿತಿ ಸಿಗುತ್ತದೆ. ಸಿಆರ್‌ಎಸ್ ಎನ್ನುತ್ತಾರೆ, 1990ರಿಂದ ಇದೆ. ಒಂದನೇ ದರ್ಜೆಗೆ ಏರಿದರೆ ಶೇ 45 ಕಡಿತ. ಕ್ಯಾಲಿಫೋರ್ನಿಯಾದ ರೋಸ್‌ವಿಲ್ 2006ರಲ್ಲಿ ದೇಶದಲ್ಲೇ ಮೊದಲು ಆ ದರ್ಜೆಗೆ ಹೋಯಿತು. ಅದೂ ಹಳ್ಳಗಳಿಂದ ಮುಳುಗಿ ಮುಳುಗಿ ಕಲಿತ ಊರು.

ಬೇಸ್‌ಮೆಂಟ್ ಬಾಡಿಗೆ, ಶನಿವಾರ ರಾತ್ರಿ

ಎಲ್ಲರೂ ಮನೆ ಇರುವವರ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ಓದುವುದಕ್ಕೆ ಬಂದವಳು, ಒಂದು ಬೇಸ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದೇನೆ. ನ್ಯೂಯಾರ್ಕ್‌ನಲ್ಲಿ 2021ರ ಸೆಪ್ಟೆಂಬರ್ 1ರಂದು ಐಡಾ ಚಂಡಮಾರುತದ ಮಳೆ ಬಂದಾಗ ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಗೆ ಮೂರು ಇಂಚಿಗೂ ಜಾಸ್ತಿ ಸುರಿಯಿತು. ಆ ಊರಿನಲ್ಲಿ ಸತ್ತವರಲ್ಲಿ 11 ಜನ ಬೇಸ್‌ಮೆಂಟ್ ಮನೆಗಳಲ್ಲಿ ಇದ್ದವರು. ಅವತ್ತಿನಿಂದ ಮಳೆ ಬಂದರೆ ನಾನು ಮೆಟ್ಟಿಲ ಮೇಲೆ ಕೂತಿರುತ್ತೇನೆ. ಈ ಅರ್ಜಿಗಳಲ್ಲಿ ನಮ್ಮಂಥವರು ಎಲ್ಲಾದರೂ ಬರುತ್ತೇವಾ?

ಅರ್ಜಿ ಗುಮಾಸ್ತೆ, ಶನಿವಾರ ರಾತ್ರಿ

ಬರಬೇಕು ತಂಗಿ, ಆದರೆ ಯಾರಾದರೂ ಕೇಳಿದರೆ ಮಾತ್ರ ಬರುತ್ತೀರಿ. ಲಾಭದ ಲೆಕ್ಕದಲ್ಲಿ ಕಟ್ಟಡದ ಬೆಲೆಯೇ ಮುಂದೆ ನಿಲ್ಲುತ್ತದೆ. ಮೊದಲು ನಿಮ್ಮ ಕೆಲಸ ಮಾಡಿಕೊಳ್ಳಿ. ಬಾಡಿಗೆಯವರೂ ಸಾಮಾನಿಗೆ ಮಾತ್ರ ಸರ್ಕಾರಿ ನೆರೆ ವಿಮೆ ತೆಗೆದುಕೊಳ್ಳಬಹುದು, ಒಂದು ಲಕ್ಷ ಡಾಲರ್‌ವರೆಗೆ. ಬೇಸ್‌ಮೆಂಟಿಗೆ ಅದರಲ್ಲಿ ಕಡಿವಾಣ ಜಾಸ್ತಿ, ಹಾಗಾಗಿ ಏನು ಸೇರುತ್ತದೆ ಎಂದು ಓದಿಯೇ ಸಹಿ ಹಾಕಿ. ಸಾಮಾನ್ಯವಾಗಿ 30 ದಿನ ಆದ ಮೇಲೆ ಜಾರಿಗೆ ಬರುತ್ತದೆ, ಮೋಡ ಕಂಡ ಮೇಲೆ ಕೊಂಡರೆ ಉಪಯೋಗ ಇಲ್ಲ. ಮತ್ತೆ ಫೋನ್‌ನಲ್ಲಿ ಹವಾಮಾನ ಎಚ್ಚರಿಕೆ ಸದ್ದು ಆನ್ ಇದೆಯಾ ನೋಡಿ, ಈಗಲೇ.

ಬೇಸ್‌ಮೆಂಟ್ ಬಾಡಿಗೆ, ಶನಿವಾರ ರಾತ್ರಿ

ಆನ್ ಮಾಡಿದೆ ಅಕ್ಕ. ಥ್ಯಾಂಕ್ಸ್.

ನಿವೃತ್ತ ಮೇಷ್ಟ್ರು, ಭಾನುವಾರ ಬೆಳಿಗ್ಗೆ

ಮಗನ ಮನೆಗೆ ಬಂದಾಗ ಸೌತ್ ಡಕೋಟಾದ ರಾಪಿಡ್ ಸಿಟಿಗೆ ಹೋಗಿದ್ದೆ. ಎಲ್ಲರೂ ಬೆಟ್ಟದಲ್ಲಿ ಕೆತ್ತಿದ ಅಧ್ಯಕ್ಷರ ಮುಖ ನೋಡಲು ಹೋಗುತ್ತಾರೆ, ನಾವೂ ಅದಕ್ಕೇ ಹೋದದ್ದು. ಆದರೆ ನನಗೆ ಮನಸ್ಸಿನಲ್ಲಿ ಉಳಿದದ್ದು ಊರ ಮಧ್ಯದ ಹಳ್ಳ. ಅದರ ಎರಡೂ ಕಡೆ ಮೈಲಿಗಟ್ಟಲೆ ಹುಲ್ಲು, ಸೈಕಲ್ ದಾರಿ, ಪಾರ್ಕು. ಊರ ನಡುವೆ ಇಷ್ಟು ಬೆಲೆಬಾಳುವ ಜಾಗ ಖಾಲಿ ಬಿಟ್ಟಿದ್ದಾರಲ್ಲ ಎಂದುಕೊಂಡೆ.

ಆಮೇಲೆ ಗೊತ್ತಾಯಿತು. 1972ರ ಜೂನ್ 9ರ ರಾತ್ರಿ ಬೆಟ್ಟದಲ್ಲಿ ಕೆಲವೆಡೆ ಆರು ಗಂಟೆಯಲ್ಲಿ ಸುಮಾರು 15 ಇಂಚು ಮಳೆ ಬಿತ್ತು. ಊರ ಮೇಲ್ಭಾಗದ ಕೆರೆಯ ಅಣೆ ಒಡೆಯಿತು. 238 ಜನ ತೀರಿಕೊಂಡರು. ಈಗ ಹುಲ್ಲಿರುವ ಕಡೆ ಆಗ ಮನೆಗಳಿದ್ದವು. ಮತ್ತೆ ಅಲ್ಲೇ ಕಟ್ಟುತ್ತೇವೆ ಎಂದು ಜನ ಕೇಳಿರುತ್ತಾರೆ, ಅಲ್ವಾ? ಊರು ಒಪ್ಪಲಿಲ್ಲ. ಕೇಂದ್ರ ಸರ್ಕಾರದ ದುಡ್ಡು ತಂದು ಜಾಗ ಕೊಂಡು, ಆ ದಾರಿಯಲ್ಲಿ ರಾತ್ರಿ ಯಾರೂ ಮಲಗಬಾರದು ಎಂಬಂತೆ ಬಯಲು ಮಾಡಿದರು. ಗ್ರಾಂಟ್ ದುಡ್ಡಿನಲ್ಲಿ ಏನನ್ನೂ ಕಟ್ಟದೆ ಬಿಟ್ಟ ಊರು ಅದೊಂದೇ ನಾನು ಕಣ್ಣಾರೆ ಕಂಡದ್ದು. ಮೆಮೋರಿಯಲ್ ಪಾರ್ಕಿನಲ್ಲಿ ನಮ್ಮ ಮೊಮ್ಮಗ ಐಸ್‌ಕ್ರೀಮ್ ತಿನ್ನುತ್ತಿದ್ದ. ನಾನು ಸುಮ್ನೆ ನಿಂತಿದ್ದೆ.

ಹಳ್ಳದಂಚಿನ ಮನೆ, ಭಾನುವಾರ ಮಧ್ಯಾಹ್ನ

ಮೇಷ್ಟ್ರೇ, ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ಕೆಳದಂಡೆ ಮೇಡಂ, ನೀವು ಹೇಳಿದ ಹಾಗೆ ಕೆಳಗೆ ನಡೆದು ಹೋಗಿ ಬಂದೆ. ಸಿಟಿ ಗಡಿ ದಾಟಿದ ತಕ್ಷಣ ಟ್ರೇಲರ್ ಮನೆಗಳ ಕಾಲೊನಿ ಇದೆ. ಒಂಬತ್ತು ವರ್ಷದಲ್ಲಿ ಅಲ್ಲಿಗೆ ಕಾಲಿಟ್ಟಿರಲಿಲ್ಲ. ನಾಚಿಕೆಯಾಯಿತು.

ಇನ್ನೊಂದು ಪ್ರಶ್ನೆ. ಅರ್ಜಿಯ ಕೊನೆಯಲ್ಲಿ ಬಿಸಿಎ ಎಂದು ಒಂದು ಕೋಷ್ಟಕ ಇದೆ. ಅನುಪಾತ 1.04 ಎಂದು ಬರೆದಿದ್ದಾರೆ. ಅದರ ಜೊತೆ ಹಾನಿಯಾದ ಮನೆಗಳ ಪಟ್ಟಿ ಇದೆ. ನಮ್ಮ ಬೀದಿಯಲ್ಲಿ ಹತ್ತಾರು ಮನೆಗೆ ನೀರು ನುಗ್ಗಿತ್ತು, ಪಟ್ಟಿಯಲ್ಲಿ ಎರಡೇ ಇವೆ. ನಮ್ಮದು ಇಲ್ಲ!

ಅರ್ಜಿ ಗುಮಾಸ್ತೆ, ಭಾನುವಾರ ಮಧ್ಯಾಹ್ನ

ಇದೇ. ಇಡೀ ಅರವತ್ತು ಪುಟದಲ್ಲಿ ನೀವು ಹಿಡಿಯಬೇಕಾದ ಪುಟ ಇದೊಂದೇ.

ಬಿಸಿಎ ಎಂದರೆ ಲಾಭ ಮತ್ತು ಖರ್ಚಿನ ತೂಕ. ಕೆಲಸದಿಂದ ತಪ್ಪುವ ಹಾನಿಯ ಮೊತ್ತ, ಕೆಲಸದ ಖರ್ಚಿಗಿಂತ ಕಡಿಮೆ ಇರಬಾರದು. ಅನುಪಾತ 1 ಮುಟ್ಟದಿದ್ದರೆ ಬಾಗಿಲು ಮುಚ್ಚಿತು. ನಿಮ್ಮದು 1.04, ಅಂದರೆ ತುದಿಗಾಲಿನಲ್ಲಿ ನಿಂತಿದೆ. ಕಾಂಕ್ರೀಟ್ ಬೆಲೆ ಸ್ವಲ್ಪ ಏರಿದರೂ ಬೀಳುತ್ತದೆ.

ಬಡ್ಡಿಯಂತೆ ಒಂದು ದರ ಇರುತ್ತದೆ, ಮುಂದೆ ಬರುವ ಲಾಭವನ್ನು ಇವತ್ತಿನ ಬೆಲೆಗೆ ಇಳಿಸಲು. ಒಂದು ಉದಾಹರಣೆ ಕೊಡುತ್ತೇನೆ. ವರ್ಷಕ್ಕೆ ಒಂದು ಲಕ್ಷ ಡಾಲರ್ ಹಾನಿ ತಪ್ಪುತ್ತದೆ, ಮೋರಿ 50 ವರ್ಷ ಬಾಳುತ್ತದೆ. ಶೇ 7ರ ದರದಲ್ಲಿ ಆ ಲಾಭ ಇವತ್ತಿಗೆ 13.8 ಲಕ್ಷ. ಶೇ 3ರಲ್ಲಿ 25.7 ಲಕ್ಷ. ಕೆಲಸಕ್ಕೆ 20 ಲಕ್ಷ ಖರ್ಚಾದರೆ ಒಂದರಲ್ಲಿ ಫೇಲ್, ಇನ್ನೊಂದರಲ್ಲಿ ಪಾಸ್. ಹಳ್ಳ ಅದೇ, ಮಳೆ ಅದೇ! ಬಹಳ ವರ್ಷ ಫೀಮಾ ಶೇ 7 ಬಳಸುತ್ತಿತ್ತು. ಆಮೇಲೆ ಇಳಿಸಿದ್ದೂ ಉಂಟು. ಅರ್ಜಿ ಹಾಕುವ ದಿನ ಯಾವ ದರ ಇದೆಯೋ ಅದೇ ಅದೃಷ್ಟ.

ಈಗ ನಿಮ್ಮ ಪಟ್ಟಿಯ ವಿಷಯ. ಅವರು ಹಾನಿಯನ್ನು ಎಲ್ಲಿಂದ ತೆಗೆದಿದ್ದಾರೆ? ವಿಮೆ ಕ್ಲೇಮುಗಳಿಂದ, ಸಿಟಿಗೆ ಬಂದ ದೂರುಗಳಿಂದ. ನಿಮಗೆ ನೆರೆ ವಿಮೆ ಇರಲಿಲ್ಲ, ದೂರನ್ನೂ ಕೊಡಲಿಲ್ಲ, ಕೈಯಿಂದ ಖರ್ಚು ಮಾಡಿ ಸುಮ್ಮನಾದಿರಿ. ಹಾಗಾಗಿ ಕಾಗದದ ಮೇಲೆ ನಿಮ್ಮ ಮನೆಗೆ ನೀರು ಬಂದೇ ಇಲ್ಲ. ಟ್ರೇಲರ್ ಕಾಲೊನಿಯವರದ್ದಂತೂ ಕೇಳಲೇ ಬೇಡಿ.

ನೀರುಲೆಕ್ಕ, ಭಾನುವಾರ ಸಂಜೆ

ಅದಕ್ಕೆ ಇನ್ನೊಂದು ದಾರಿಯೂ ಇದೆ. ಹಳ್ಳದ ಮಾಡೆಲ್ ಮಾಡಿ, ಯಾವ ಮಳೆಗೆ ನೀರು ಎಷ್ಟು ಎತ್ತರ ಬರುತ್ತದೆ, ಯಾವ ಮನೆಯ ನೆಲ ಎಷ್ಟು ಎತ್ತರ ಇದೆ ಎಂದು ಹೋಲಿಸಿದರೆ ಕ್ಲೇಮ್ ಇಲ್ಲದ ಮನೆಗಳೂ ಲೆಕ್ಕಕ್ಕೆ ಬರುತ್ತವೆ. ಆದರೆ ಮಾಡೆಲ್ ನಿಜ ಹೇಳುತ್ತಿದೆ ಎಂದು ತೋರಿಸಬೇಕಲ್ಲ. ನಿಮ್ಮಂಥ ಸಣ್ಣ ಹಳ್ಳಗಳಲ್ಲಿ ನೀರಿನ ಮಟ್ಟ ಅಳೆಯುವ ಯಂತ್ರ ಇರುವುದೇ ಅಪರೂಪ. ಆಗ ನಾವು ಹುಡುಕುವುದು ಗೋಡೆಯ ಮೇಲಿನ ಕಲೆ, ಬೇಲಿಯಲ್ಲಿ ಸಿಕ್ಕ ಕಸ, ಸಮಯ ಇರುವ ಮೊಬೈಲ್ ಫೋಟೋ. ಇಂಥ ಗುರುತು ಹತ್ತು ಸಿಕ್ಕರೆ ಮಾಡೆಲ್‌ಗೆ ಪ್ರಾಣ ಬರುತ್ತದೆ.

ತೆರಿಗೆ ಕಟ್ಟುವವ, ಭಾನುವಾರ ರಾತ್ರಿ

ಒಂದು ಡಾಲರ್ ಹಾಕಿದರೆ ಆರು ಡಾಲರ್ ಉಳಿತಾಯ ಎಂದು ಎಲ್ಲಾ ಕಡೆ ಓದುತ್ತೇನೆ. ಇಲ್ಲಿ ನೋಡಿದರೆ 1.04. ಯಾವುದು ಸುಳ್ಳು?

ಅರ್ಜಿ ಗುಮಾಸ್ತೆ, ಭಾನುವಾರ ರಾತ್ರಿ

ಒಳ್ಳೇ ಪ್ರಶ್ನೆ, ಈ ಸಲ ನಿಜವಾಗಿ. ಆರು ಎನ್ನುವುದು ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಬಿಲ್ಡಿಂಗ್ ಸೈನ್ಸಸ್ ಹಳೇ ಕೇಂದ್ರ ಗ್ರಾಂಟುಗಳನ್ನೆಲ್ಲ ಒಟ್ಟು ಮಾಡಿ ತೆಗೆದ ಸರಾಸರಿ. ಅದರಲ್ಲಿ ಪೆಟ್ಟು, ಸಾವು, ಕೆಲಸ ಕಳೆದುಕೊಂಡ ದಿನಗಳು ಎಲ್ಲಾ ಸೇರಿದೆ. 1.04 ಎನ್ನುವುದು ಒಂದೇ ಕೆಲಸದ್ದು, ಅದೂ ಹೆಚ್ಚಿನ ಮನೆಗಳನ್ನು ಬಿಟ್ಟು ಹಾಕಿದ್ದು. ಎರಡೂ ಸುಳ್ಳಲ್ಲ.

ನಿಮಗೆ ಕೋಪ ಬರಬೇಕಾದ ಜಾಗ ಬೇರೆ ಇದೆ ಸರ್. ಈ ಗ್ರಾಂಟ್ ಕಟ್ಟಲು ಕೊಡುತ್ತದೆ, ಗುಡಿಸಲು ಕೊಡುವುದಿಲ್ಲ. ಹೂಳೆತ್ತುವುದು, ಕೊಂಬೆ ತೆಗೆಯುವುದು, ಇದೆಲ್ಲ ನಿರ್ವಹಣೆ, ಅದಕ್ಕೆ ಒಂದು ಕಾಸೂ ಇಲ್ಲ. ಅಷ್ಟು ದೊಡ್ಡ ಮೋರಿ ಹಾಕಿ ಅದರ ಬಾಯಿಗೆ ಮತ್ತೆ ಪ್ಲಾಸ್ಟಿಕ್ ಕುರ್ಚಿ ಸಿಕ್ಕಿಕೊಂಡರೆ? ವರ್ಷಕ್ಕೆ ಎಷ್ಟು ಸಲ ಸ್ವಚ್ಛ ಮಾಡುತ್ತೀರಿ, ಅದಕ್ಕೆ ಬಜೆಟ್‌ನಲ್ಲಿ ಯಾವ ಸಾಲು ಎಂದು ಕೇಳಲು ಗುಡ್ಡದವರೂ ಬರಬಹುದು.

ತೆರಿಗೆ ಕಟ್ಟುವವ, ಭಾನುವಾರ ರಾತ್ರಿ

ಅದನ್ನು ನಮ್ಮ ಊರಿನಲ್ಲೂ ಕೇಳುತ್ತೇನೆ. ಮೋರಿಗೆ ದುಡ್ಡು, ಪೊರಕೆಗೆ ದುಡ್ಡಿಲ್ಲ.

ಹಳ್ಳದಂಚಿನ ಮನೆ, ಬುಧವಾರ ಬೆಳಿಗ್ಗೆ

ಸಭೆ ಮುಗಿಯಿತು. ರಾತ್ರಿ ಹನ್ನೊಂದಾಯಿತು, ಹಳ್ಳದ ಸರದಿ ಬರುವ ಮೊದಲು ನಾಯಿ ಪಾರ್ಕಿನ ಬೇಲಿ ಬಗ್ಗೆಯೇ ಒಂದು ಗಂಟೆ. ಮೂರು ನಿಮಿಷದಲ್ಲಿ ಮೂರು ಪ್ರಶ್ನೆ ಕೇಳಿದೆ. ಮಾಡೆಲ್ ಎಲ್ಲಿಗೆ ನಿಂತಿದೆ, ಮೋರಿ ಯಾರು ಗುಡಿಸುತ್ತಾರೆ, ಪಟ್ಟಿಯಲ್ಲಿ ಎರಡೇ ಮನೆ ಯಾಕೆ.

ಮೊದಲನೆಯದಕ್ಕೆ ಎಂಜಿನಿಯರ್ ನೇರವಾಗಿ ಒಪ್ಪಿಕೊಂಡರು, ಸಿಟಿ ಗಡಿಗೆ ನಿಲ್ಲಿಸಿದ್ದೇವೆ ಎಂದು. ಕಾಲೊನಿಯವರೆಗೆ ಮುಂದುವರಿಸುತ್ತೇವೆ ಎಂದರು. ಲೆಕ್ಕ ಕೆಟ್ಟರೆ ಮೇಲಿನ ಶಾಲೆ ಮೈದಾನದಲ್ಲಿ ನೀರು ಹಿಡಿಯುವ ಹೊಂಡ ಸೇರಿಸಬೇಕಾಗಬಹುದಂತೆ, ಖರ್ಚು ಏರುತ್ತದೆ. ಎರಡನೆಯದಕ್ಕೆ ಯಾರೂ ಉತ್ತರ ಕೊಡಲಿಲ್ಲ, ಒಬ್ಬರ ಮುಖ ಇನ್ನೊಬ್ಬರು ನೋಡಿಕೊಂಡರು. ಮೂರನೆಯದಕ್ಕೆ, ದಾಖಲೆ ತಂದರೆ ಸೇರಿಸುತ್ತೇವೆ ಎಂದರು. ರಾಜ್ಯಕ್ಕೆ ಕಳಿಸಲು ಐದು ವಾರ ಇದೆ. ಅರ್ಜಿ ಹಾಕಲು ಕೌನ್ಸಿಲ್ ಒಪ್ಪಿತು, 5 ಮತ, 2 ವಿರೋಧ.

ಹೊರಗೆ ಬಂದಾಗ ಕಾಲೊನಿಯಿಂದ ಬಂದಿದ್ದ ಒಬ್ಬ ಹೆಂಗಸು ಕೈ ಹಿಡಿದು ಮಾತಾಡಿಸಿದರು. ಅವರ ಹತ್ತಿರ ಮೂರು ಮಳೆಯ ವಿಡಿಯೋ ಇದೆ, ದಿನಾಂಕ ಸಮೇತ. ಶನಿವಾರ ಎರಡೂ ಬೀದಿಯಲ್ಲಿ ಮನೆ ಮನೆಗೆ ಹೋಗುತ್ತೇವೆ.

ಕೆಳದಂಡೆ, ಬುಧವಾರ ಬೆಳಿಗ್ಗೆ

ಕೆಳಗೆ ಹೋಗಿ ನೋಡಿ ಬಂದಿದ್ದಕ್ಕೆ ಥ್ಯಾಂಕ್ಸ್. ನಮ್ಮ ಮೇಲಿನ ಊರಿನಲ್ಲಿ ಅಂಥವರು ಒಬ್ಬರಿದ್ದಿದ್ದರೆ!

ಹಳ್ಳದಂಚಿನ ಮನೆ, ಶನಿವಾರ ಸಂಜೆ

ಇವತ್ತು 31 ಮನೆ ಆಯಿತು. ಫೋಟೋ, ರಿಪೇರಿ ರಸೀದಿ ಎಲ್ಲಾ ಒಂದು ಫೋಲ್ಡರಿಗೆ ಹಾಕುತ್ತಿದ್ದೇನೆ. ಸೇತುವೆ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ಗ್ಯಾರೇಜಿನ ಒಳಗೋಡೆ ತೋರಿಸಿದರು. ಮಕ್ಕಳ ಎತ್ತರ ಬರೆಯುವ ಹಾಗೆ ಪೆನ್ಸಿಲ್ ಗೆರೆಗಳು, ಪಕ್ಕದಲ್ಲಿ ದಿನಾಂಕ. ನೋಡಿದರೆ ಅದು ನೀರಿನ ಎತ್ತರ. ಮೊದಲನೆಯದು 1979. ಒಟ್ಟು ಏಳು ಗೆರೆ. ಇದನ್ನು ಯಾರಿಗೂ ತೋರಿಸಲಿಲ್ಲವಾ ಎಂದು ಕೇಳಿದೆ. ಯಾರೂ ಕೇಳಲಿಲ್ಲ ಎಂದರು.

ನೀರುಲೆಕ್ಕ, ಶನಿವಾರ ಸಂಜೆ

ಸರ್!! ಆ ಗೋಡೆ ಮುಟ್ಟಬೇಡಿ. ಬರೀ ಟೇಪ್ ಹಿಡಿದು ಫೋಟೋ ತೆಗೆದರೆ ಸಾಲದು. ಸಿಟಿ ಸರ್ವೇಯರ್‌ಗೆ ಹೇಳಿ ಪ್ರತಿ ಗೆರೆಯ ಎತ್ತರವನ್ನು ಸಮುದ್ರ ಮಟ್ಟದಿಂದ ಅಳೆಸಿ. 45 ವರ್ಷಕ್ಕೂ ಹೆಚ್ಚಿನ ದಾಖಲೆ ಅದು. ದುಡ್ಡು ಕೊಟ್ಟರೂ ನಮಗೆ ಸಿಗುವುದಿಲ್ಲ.

ಹಳ್ಳದಂಚಿನ ಮನೆ, ಶನಿವಾರ ರಾತ್ರಿ

ಈಗಷ್ಟೇ ಫೋನ್ ಮಾಡಿದೆ. ಸೋಮವಾರ ಗ್ಯಾರೇಜಿಗೆ ಬಣ್ಣ ಹೊಡೆಯುವವರು ಬರುವವರಿದ್ದರಂತೆ. ಒಂದು ವಾರ ಬಿಟ್ಟು ಬನ್ನಿ ಎಂದು ಅಜ್ಜನೇ ಅವರಿಗೆ ಹೇಳುತ್ತಾರಂತೆ. ಸರ್ವೇಯರ್ ಗುರುವಾರ ಬರುತ್ತಾರೆ.